ಏಳಡಿಯವನ ಎದುರು ಆರೂವರೆ ಅಡಿ

ಸಂಜೆಯ ಪಂದ್ಯ. ರಿಂಗ್‌ನ ಬುಡದಲ್ಲಿ ಎತ್ತರದ ಆಟಗಾರನೊಬ್ಬ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಒಂದು ಕೈ ಮೇಲೆತ್ತಿ ಚೆಂಡು ಕೇಳುತ್ತಿದ್ದಾನೆ. ಅವನನ್ನು ತಡೆಯಬೇಕಾದವನು ನಾಲ್ಕೈದು ಅಂಗುಲ ಕುಳ್ಳ. ಗ್ಯಾಲರಿಯಿಂದ ನೋಡುವವರಿಗೆ ಅವನ ತಲೆಯೇ ಕಾಣುತ್ತಿಲ್ಲ. "ಒಳಗೆ ಕೊಡ್ರೋ, ಅವನ ತಲೆ ಮೇಲಿಂದಲೇ ಹಾಕ್ತಾನೆ" ಎಂದು ಮೆಟ್ಟಿಲ ಮೇಲಿನಿಂದ ಯಾರೋ ಕೂಗುತ್ತಾರೆ. ಚೆಂಡು ಒಳಗೆ ಬರುತ್ತದೆ. ಆದರೆ ಅದು ಕೈಗೆ ಸಿಕ್ಕಿದ ಜಾಗ, ಅವನು ಬಯಸಿದ್ದಕ್ಕಿಂತ ಎರಡು ಹೆಜ್ಜೆ ದೂರ. ತಿರುಗಲೆಂದು ಚೆಂಡನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸುತ್ತಾನೆ. ಕೆಳಗಿನಿಂದ ಒಂದು ಕೈ ಬಂದು ತಟ್ಟುತ್ತದೆ. ಮರುಕ್ಷಣ ಎಲ್ಲರೂ ಇನ್ನೊಂದು ತುದಿಯ ರಿಂಗ್‌ನತ್ತ ಓಡುತ್ತಿದ್ದಾರೆ.

ಬ್ಯಾಸ್ಕೆಟ್‌ಬಾಲ್ ಎತ್ತರದವರ ಆಟ ಎಂಬುದು ನಮಗೆಲ್ಲ ಗೊತ್ತು. ತಂಡದ ಐವರಲ್ಲಿ ರಿಂಗ್‌ಗೆ ಅತಿ ಹತ್ತಿರ ಆಡುವ ಸೆಂಟರ್ ಅಂತೂ ಎತ್ತರಕ್ಕೇ ಮೀಸಲಾದ ಸ್ಥಾನ ಎಂದು ನಂಬಿದ್ದೇವೆ. ಹಾಗಿದ್ದರೆ ತನಗಿಂತ ಎತ್ತರದ ಸೆಂಟರ್‌ನನ್ನು ತಡೆಯಲು ನಿಂತವನ ಕಥೆ ಮೊದಲೇ ಮುಗಿದಂತೆಯೇ? ಎತ್ತರ ಬಹಳ ಮುಖ್ಯ, ಅದನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಅದು ಮುಖ್ಯವಾಗುವುದು ಒಂದು ನಿರ್ದಿಷ್ಟ ಕ್ಷಣದಲ್ಲಿ. ಆ ಕ್ಷಣ ಬರದಂತೆ ನೋಡಿಕೊಳ್ಳುವುದೇ ಕುಳ್ಳ ಸೆಂಟರ್‌ನ ವಿದ್ಯೆ.

ಎತ್ತರ ಕೊಡುವುದೇನು

ರಿಂಗ್ ಇರುವುದು ನೆಲದಿಂದ 10 ಅಡಿ ಮೇಲೆ. ಹಳ್ಳಿಯ ಶಾಲೆಯಲ್ಲೂ ಅಷ್ಟೇ, ಅಮೆರಿಕದ ಎನ್‌ಬಿಎಯಲ್ಲೂ ಅಷ್ಟೇ. ಏಳಡಿ ಎತ್ತರದವನು ನಿಂತಲ್ಲೇ ಕೈ ಎತ್ತಿದರೆ ಸಾಮಾನ್ಯವಾಗಿ 9 ಅಡಿ ದಾಟುತ್ತದೆ. ಫ್ರಾನ್ಸ್‌ನ ರೂಡಿ ಗೊಬೇರ್ 2013ರಲ್ಲಿ ಎನ್‌ಬಿಎಗೆ ಬರುವಾಗ ಅವರ ಎತ್ತಿದ ಕೈ 9 ಅಡಿ 7 ಅಂಗುಲ ಮುಟ್ಟಿತ್ತು. ರಿಂಗ್‌ಗೆ ಉಳಿದದ್ದು 5 ಅಂಗುಲ ಮಾತ್ರ. ಅಂಥವರು ರಿಂಗ್‌ನ ಪಕ್ಕದಲ್ಲಿ ಚೆಂಡು ಹಿಡಿದು ತೋಳು ಪೂರ್ತಿ ಚಾಚಿದರೆಂದರೆ, ಆರೂವರೆ ಅಡಿಯವನು ಎಷ್ಟು ಎಗರಿದರೂ ಚೆಂಡು ಸಿಗುವುದು ಕಷ್ಟ. ಪಕ್ಕಕ್ಕೆ ತಿರುಗಿ ಒಂದೇ ಕೈಯಿಂದ ತಲೆಯ ಮೇಲಿಂದ ಎಸೆಯುವ ಹುಕ್ ಶಾಟ್‌ನಲ್ಲಿ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಹೊಡೆಯುವವನ ಇಡೀ ದೇಹ ಚೆಂಡಿಗೂ ತಡೆಯುವವನಿಗೂ ನಡುವೆ ಅಡ್ಡ ನಿಂತಿರುತ್ತದೆ. 7 ಅಡಿ 2 ಅಂಗುಲದ ಕರೀಮ್ ಅಬ್ದುಲ್-ಜಬ್ಬಾರ್ ಈ ಒಂದು ಹೊಡೆತದ ಬಲದ ಮೇಲೆ ಎರಡು ದಶಕ ಆಳಿದರು.

ಚೆಂಡು ಕೈ ಬಿಡುವ ಆ ಅರೆಕ್ಷಣದಲ್ಲಿ ಎತ್ತರಕ್ಕೆ ಉತ್ತರವಿಲ್ಲ. ಆದರೆ ಅದಕ್ಕೆ ಮೊದಲು ಹಲವು ಸಂಗತಿಗಳು ನಡೆದಿರಬೇಕು. ಸೆಂಟರ್ ತನ್ನ ಜಾಗ ಹಿಡಿದಿರಬೇಕು, ಗೆಳೆಯನಿಂದ ಪಾಸ್ ಬಂದಿರಬೇಕು, ಅದನ್ನು ಹಿಡಿದು ತಿರುಗಲು ಬಿಡುವು ಸಿಕ್ಕಿರಬೇಕು. ಈ ಯಾವುದರಲ್ಲೂ ನೆತ್ತಿ ಎಷ್ಟು ಮೇಲಿದೆ ಎಂಬುದು ದೊಡ್ಡ ಲಾಭವಲ್ಲ. ಕೆಲವೊಮ್ಮೆ ನಷ್ಟವೂ ಹೌದು.

ಚೆಂಡು ಬರುವ ಮುನ್ನವೇ

ಒಳ್ಳೆಯ ಕುಳ್ಳ ಸೆಂಟರ್‌ನ ಕೆಲಸದ ಮುಕ್ಕಾಲು ಪಾಲು ಚೆಂಡು ಬೇರೆ ಕಡೆ ಇರುವಾಗಲೇ ಮುಗಿದಿರುತ್ತದೆ. ನಾವು ಚೆಂಡನ್ನೇ ನೋಡುತ್ತಿರುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅವನು ಮೊದಲು ಮಾಡುವುದು ತಗ್ಗುವುದನ್ನು. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಕಾಲು ಅಗಲಿಸಿ ನಿಲ್ಲುತ್ತಾನೆ. ಗರಡಿಯಲ್ಲಿ ಪೈಲ್ವಾನರು ಹಿಡಿತಕ್ಕೆ ಮುನ್ನ ತಗ್ಗುವುದೂ ಇದೇ ಕಾರಣಕ್ಕೆ: ಕೆಳಗಿನಿಂದ ಒತ್ತುವವನನ್ನು ಅಲುಗಿಸುವುದು ಕಷ್ಟ, ನೆಟ್ಟಗೆ ನಿಂತವನನ್ನು ಜರುಗಿಸುವುದು ಸುಲಭ. ಏಳಡಿಯವನ ಕಾಲು ಉದ್ದ, ಸೊಂಟ ಮೇಲೆ. ಅವನ ತೊಡೆಯ ಮಟ್ಟದಲ್ಲಿ ಬಲ ಹಾಕಿ ಒತ್ತಿದರೆ ಅವನು ರಿಂಗ್‌ನಿಂದ ಒಂದೊಂದೇ ಹೆಜ್ಜೆ ಹೊರಗೆ ಸರಿಯುತ್ತಾನೆ. ರಿಂಗ್‌ನಿಂದ 4 ಅಡಿ ದೂರದಲ್ಲಿ ಚೆಂಡು ಹಿಡಿದ ಎತ್ತರದವನು ಅಪಾಯ. 12 ಅಡಿ ದೂರದಲ್ಲಿ ಹಿಡಿದವನು ಇನ್ನೂ ಏನಾದರೂ ಮಾಡಬೇಕು. ಚೆಂಡು ಪುಟಿಸಬೇಕು, ತಿರುಗಬೇಕು, ಜನರ ನಡುವೆ ನುಗ್ಗಬೇಕು. ನೆಲಕ್ಕೆ ಪುಟಿದ ಚೆಂಡು ಕುಳ್ಳನ ಕೈಗೇ ಹತ್ತಿರ.

ಎರಡನೆಯದು ಮುಂದೆ ಬಂದು ನಿಲ್ಲುವುದು. ಎದುರಾಳಿಯ ಬೆನ್ನ ಹಿಂದೆ ನಿಲ್ಲುವ ಬದಲು, ಅವನಿಗೂ ಚೆಂಡಿಗೂ ನಡುವೆ ಬಂದುಬಿಡುವುದು. ಆಗ ಪಾಸ್ ಕೊಡುವವನಿಗೆ ಇಬ್ಬರ ತಲೆಯ ಮೇಲಿಂದ ಚೆಂಡನ್ನು ತೇಲಿಸಿ ಎಸೆಯುವುದೊಂದೇ ದಾರಿ. ತೇಲಿ ಬರುವ ಚೆಂಡು ನಿಧಾನ, ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಓಡಿ ಬರುತ್ತಾನೆ. ಚೀನಾದ 7 ಅಡಿ 6 ಅಂಗುಲದ ಯಾವೊ ಮಿಂಗ್ ಎನ್‌ಬಿಎಯಲ್ಲಿ ಆಡಿದ ವರ್ಷಗಳಲ್ಲಿ ಎದುರಾಳಿ ತಂಡಗಳು ಅವರ ವಿರುದ್ಧ ಮತ್ತೆ ಮತ್ತೆ ಬಳಸಿದ್ದು ಇದನ್ನೇ. ತಮಗಿಂತ ಒಂದಡಿ ಕಡಿಮೆ ಇರುವವರು ಮುಂದೆ ಬಂದು ನಿಂತು ಪಾಸ್ ಕತ್ತರಿಸುವಾಗ ಆ ಮಹಾಕಾಯ ಕೈ ಎತ್ತಿಕೊಂಡು ಕಾಯುತ್ತಿದ್ದ ನೋಟ ಅಂದಿನ ಪಂದ್ಯಗಳನ್ನು ನೋಡಿದವರಿಗೆ ನೆನಪಿರುತ್ತದೆ.

ಇಷ್ಟೆಲ್ಲ ದಾಟಿ ಚೆಂಡು ಸಿಕ್ಕೇಬಿಟ್ಟಿತು ಎನ್ನಿ. ಆಗಲೂ ಎಗರಬೇಕಾಗಿಲ್ಲ. ಎದೆ ಎದೆಗೆ ಕೊಟ್ಟು, ಕೈ ನೆಟ್ಟಗೆ ಮೇಲೆತ್ತಿ ನಿಲ್ಲುವುದು ಸಾಕು. ತನ್ನ ಪಾದಗಳ ಮೇಲಿನ ಆಕಾಶ ಪ್ರತಿ ಆಟಗಾರನ ಹಕ್ಕು ಎಂದು ನಿಯಮವೇ ಹೇಳುತ್ತದೆ. ನೆಟ್ಟಗೆ ನಿಂತವನ ಮೇಲೆ ಎದುರಾಳಿ ಬಂದು ಬಿದ್ದರೆ ತಪ್ಪು ಬಿದ್ದವನದು. ಚೆಂಡು ತಡೆಯದಿದ್ದರೂ ಹೊಡೆತ ಅವಸರದ್ದಾಗುತ್ತದೆ, ಕೋನ ಕೆಡುತ್ತದೆ.

ಎತ್ತರದವನನ್ನು ರಿಂಗ್‌ನಿಂದ ದೂರ ಇಡುವ ಈ ಗುಟ್ಟು ನಿಯಮ ಬರೆದವರಿಗೂ ಬಹಳ ಹಿಂದೆಯೇ ಹೊಳೆದಿತ್ತು. 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ರಿಂಗ್ ಕೆಳಗೆ ನಿಂತು ಅಂಕ ಸೂರೆ ಮಾಡುತ್ತಿದ್ದಾಗ, 1951ರಲ್ಲಿ ಎನ್‌ಬಿಎ ರಿಂಗ್ ಮುಂದಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿತು. ದಾಳಿ ಮಾಡುವವರು ಆ ಪಟ್ಟಿಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಇನ್ನೊಬ್ಬ ಮಹಾಕಾಯ ಸೆಂಟರ್ ವಿಲ್ಟ್ ಚೇಂಬರ್ಲಿನ್ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು. ಎತ್ತರವನ್ನು ಕತ್ತರಿಸಲು ಬಾರದು, ದೂರವನ್ನು ಹೆಚ್ಚಿಸಬಹುದು.

ನೆತ್ತಿಯ ಅಳತೆ, ತೋಳಿನ ಅಳತೆ

ಇಲ್ಲಿ ಇನ್ನೊಂದು ವಿಷಯ ಸ್ಪಷ್ಟವಾಗಬೇಕು. ನಾವು ಎತ್ತರ ಎನ್ನುವುದು ನೆತ್ತಿಯವರೆಗಿನ ಅಳತೆ. ಯಾರೂ ನೆತ್ತಿಯಿಂದ ಚೆಂಡು ತಡೆಯುವುದಿಲ್ಲ. ಬೇಕಾದದ್ದು ಎತ್ತಿದ ಕೈಯ ತುದಿ ಎಲ್ಲಿಗೆ ಮುಟ್ಟುತ್ತದೆ ಎಂಬುದು. ಸಾಮಾನ್ಯ ಮನುಷ್ಯರಲ್ಲಿ ಎತ್ತರವೂ ಚಾಚಿದ ಎರಡು ತೋಳುಗಳ ಅಳತೆಯೂ ಹೆಚ್ಚುಕಡಿಮೆ ಒಂದೇ. ದೊಡ್ಡ ಮಟ್ಟದ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ತೋಳುಗಳೇ ಉದ್ದ. ಗೋಲ್ಡನ್ ಸ್ಟೇಟ್ ತಂಡದ ಡ್ರೇಮಂಡ್ ಗ್ರೀನ್ ಎತ್ತರ 6 ಅಡಿ 6 ಅಂಗುಲ, ತೋಳಿನ ಅಳತೆ 7 ಅಡಿಗೂ ಹೆಚ್ಚು. ತೋಳಿನ ಲೆಕ್ಕದಲ್ಲಿ ಅವರು ಕುಳ್ಳರೇ ಅಲ್ಲ. 2017ರಲ್ಲಿ ಎನ್‌ಬಿಎಯ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಅವರ ಪಾಲಾಯಿತು.

ಮುದ್ರಿತ ಎತ್ತರಗಳನ್ನೂ ಪೂರ್ತಿ ನಂಬುವಂತಿರಲಿಲ್ಲ. ಶೂ ಹಾಕಿಕೊಂಡು ಅಳೆಯುವುದು, ಒಂದೆರಡು ಅಂಗುಲ ಸೇರಿಸಿ ಬರೆಯುವುದು ದಶಕಗಳ ಕಾಲ ನಡೆದೇ ಇತ್ತು. 2019ರಲ್ಲಿ ಎನ್‌ಬಿಎ ಬರಿಗಾಲಲ್ಲಿ ಅಳೆದು ದೃಢೀಕರಿಸಬೇಕೆಂದು ತಂಡಗಳಿಗೆ ಸೂಚಿಸಿದ ಮೇಲೆ ಹಲವರು ರಾತ್ರೋರಾತ್ರಿ ಕುಗ್ಗಿದರು. ಡೆಟ್ರಾಯಿಟ್ ಪಿಸ್ಟನ್ಸ್‌ನ ಬೆನ್ ವಾಲೇಸ್ ಪಟ್ಟಿಯಲ್ಲಿ 6 ಅಡಿ 9 ಅಂಗುಲ ಇದ್ದರು. ನಿಜವಾದ ಎತ್ತರ 6 ಅಡಿ 7 ಅಂಗುಲದ ಆಸುಪಾಸು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1996ರಲ್ಲಿ, ಯಾವ ತಂಡವೂ ಅವರನ್ನು ಆರಿಸಿರಲಿಲ್ಲ. ಅದೇ ವಾಲೇಸ್ 2002, 2003, 2005 ಮತ್ತು 2006ರಲ್ಲಿ, ಒಟ್ಟು ನಾಲ್ಕು ಸಲ, ಅತ್ಯುತ್ತಮ ರಕ್ಷಣಾ ಆಟಗಾರರಾದರು.

ರಸೆಲ್ ಎದುರು ಚೇಂಬರ್ಲಿನ್

ಈ ಚರ್ಚೆಯಲ್ಲಿ ತಪ್ಪದೆ ಬರುವ ಜೋಡಿ ಬಿಲ್ ರಸೆಲ್ ಮತ್ತು ವಿಲ್ಟ್ ಚೇಂಬರ್ಲಿನ್. ರಸೆಲ್ 6 ಅಡಿ 10 ಅಂಗುಲ, ಚೇಂಬರ್ಲಿನ್ 7 ಅಡಿ 1 ಅಂಗುಲ. ತೂಕದಲ್ಲೂ ಬಲದಲ್ಲೂ ಚೇಂಬರ್ಲಿನ್ ಒಂದು ಕೈ ಮೇಲೆ. 1961-62ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದ, ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದ ಮನುಷ್ಯ ಅವರು.

ಇಬ್ಬರೂ 140ಕ್ಕೂ ಹೆಚ್ಚು ಸಲ ಎದುರಾದರು. ರಸೆಲ್ ಚೇಂಬರ್ಲಿನ್‌ರನ್ನು ಕಟ್ಟಿಹಾಕಿದರು ಎಂದು ಹಲವರು ನಂಬಿದ್ದಾರೆ. ಅಂಕಿಅಂಶ ಹಾಗೆ ಹೇಳುವುದಿಲ್ಲ. ರಸೆಲ್ ಎದುರಿಗೂ ಚೇಂಬರ್ಲಿನ್ ಸರಾಸರಿ 28ಕ್ಕೂ ಹೆಚ್ಚು ಅಂಕ, ಅಷ್ಟೇ ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು) ಗಳಿಸಿದರು. 1960ರ ನವೆಂಬರ್‌ನಲ್ಲಿ ಒಂದೇ ಪಂದ್ಯದಲ್ಲಿ 55 ರೀಬೌಂಡ್ ಹಿಡಿದ ದಾಖಲೆ ಬಂದದ್ದೂ ರಸೆಲ್ ತಂಡದ ವಿರುದ್ಧವೇ. ಆದರೆ ಲೀಗ್ ನಂತರದ ಪ್ಲೇಆಫ್ ಹಂತದಲ್ಲಿ ಅವರು ಎದುರಾದ ಎಂಟು ಸರಣಿಗಳಲ್ಲಿ ಏಳನ್ನು ಗೆದ್ದದ್ದು ರಸೆಲ್‌ರ ಬಾಸ್ಟನ್. 1967ರದ್ದು ಮಾತ್ರ ಚೇಂಬರ್ಲಿನ್‌ರ ಫಿಲಡೆಲ್ಫಿಯಾಕ್ಕೆ ಒಲಿಯಿತು.

ಇದರಲ್ಲಿ ಬಾಸ್ಟನ್‌ನ ಉಳಿದ ಆಟಗಾರರ ಪಾಲು ದೊಡ್ಡದು, ಅದನ್ನು ಮರೆಯುವುದು ಅನ್ಯಾಯ. ಆದರೂ ರಸೆಲ್ ಮಾಡಿದ್ದೇನು ಎಂಬುದನ್ನು ನೋಡಬೇಕು. ಕಾಲೇಜು ದಿನಗಳಲ್ಲಿ ಎತ್ತರ ಜಿಗಿತದ ಸ್ಪರ್ಧಿಯಾಗಿದ್ದ ಅವರಿಗೆ ಕಾಲಿನಲ್ಲಿ ಸ್ಪ್ರಿಂಗ್ ಇತ್ತು, ಎಡಗೈ ಬಳಸುತ್ತಿದ್ದರು, ಎದುರಾಳಿಯ ಅಭ್ಯಾಸಗಳನ್ನು ಪಾಠದಂತೆ ಓದುತ್ತಿದ್ದರು. ತಡೆದ ಚೆಂಡನ್ನು ಗ್ಯಾಲರಿಗೆ ಬಡಿದು ಚಪ್ಪಾಳೆ ಗಿಟ್ಟಿಸದೆ, ತಮ್ಮವರ ಕೈಗೆ ತಟ್ಟಿ ಕಳಿಸುತ್ತಿದ್ದರು. ತಡೆಯೇ ಮರುದಾಳಿಯ ಮೊದಲ ಪಾಸ್ ಆಗುತ್ತಿತ್ತು. ಆಗಿನ್ನೂ ಬ್ಲಾಕ್‌ಗಳನ್ನು ಅಧಿಕೃತವಾಗಿ ಲೆಕ್ಕ ಇಡುತ್ತಿರಲಿಲ್ಲ. ಆ ಲೆಕ್ಕ ಶುರುವಾದದ್ದು 1973-74ರಲ್ಲಿ, ರಸೆಲ್ ನಿವೃತ್ತರಾದ ಕೆಲವು ವರ್ಷಗಳ ಮೇಲೆ. ಅವರು 13 ಋತುಗಳಲ್ಲಿ ಗೆದ್ದ 11 ಎನ್‌ಬಿಎ ಪ್ರಶಸ್ತಿಗಳು ಮಾತ್ರ ಲೆಕ್ಕಕ್ಕೆ ಸಿಕ್ಕಿವೆ.

ಅವನು ಹೊಡೆಯಲಿ, ಬಿಡು

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಎರಡು ಫೈನಲ್ ಸರಣಿಗಳಲ್ಲಿ.

ಮೊದಲನೆಯದು 2004. ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ಶಕೀಲ್ ಓನೀಲ್ ಇದ್ದರು. 7 ಅಡಿ 1 ಅಂಗುಲ, ತೂಕ ಒಂದೂವರೆ ಕ್ವಿಂಟಲ್‌ನ ಹತ್ತಿರ. ಎದುರಿಗೆ ಡೆಟ್ರಾಯಿಟ್‌ನ ಬೆನ್ ವಾಲೇಸ್. ಓನೀಲ್‌ರಿಗೆ ಇಬ್ಬರು ಮೂವರನ್ನು ಕಾವಲು ಹಾಕುವುದು ಆಗಿನ ವಾಡಿಕೆ. ಡೆಟ್ರಾಯಿಟ್ ಬಹುಪಾಲು ಹಾಗೆ ಮಾಡಲಿಲ್ಲ. ವಾಲೇಸ್ ಒಬ್ಬರೇ ಮೈಕೊಟ್ಟು ನಿಂತರು, ಉಳಿದ ನಾಲ್ವರು ತಮ್ಮ ತಮ್ಮ ಎದುರಾಳಿಯನ್ನು ಬಿಟ್ಟು ಕದಲಲಿಲ್ಲ. ಓನೀಲ್ ಸರಾಸರಿ 26ಕ್ಕೂ ಹೆಚ್ಚು ಅಂಕ ಹೊಡೆದರು, ಎಸೆದ ಚೆಂಡುಗಳಲ್ಲಿ ಶೇ 60ಕ್ಕಿಂತ ಹೆಚ್ಚು ಒಳಗೆ ಬಿದ್ದವು. ಆದರೆ ಕೋಬಿ ಬ್ರಯಂಟ್ ಸೇರಿದಂತೆ ಉಳಿದವರಿಗೆ ಉಸಿರಾಡಲು ಜಾಗವೇ ಸಿಗಲಿಲ್ಲ. ಮೂರನೇ ಪಂದ್ಯದಲ್ಲಿ ಲೇಕರ್ಸ್ ಇಡೀ ತಂಡವಾಗಿ ಗಳಿಸಿದ್ದು 68 ಅಂಕ. ಸರಣಿ 4-1ರಿಂದ ಡೆಟ್ರಾಯಿಟ್ ಪಾಲಾಯಿತು. ಕೊನೆಯ ಪಂದ್ಯದಲ್ಲಿ ವಾಲೇಸ್ 22 ರೀಬೌಂಡ್ ಹಿಡಿದರು.

ಎರಡನೆಯದು 2015. ಕ್ಲೀವ್‌ಲ್ಯಾಂಡ್ ವಿರುದ್ಧ 2-1ರಿಂದ ಹಿಂದೆ ಬಿದ್ದಿದ್ದ ಗೋಲ್ಡನ್ ಸ್ಟೇಟ್ ನಾಲ್ಕನೇ ಪಂದ್ಯಕ್ಕೆ ತನ್ನ ಏಳಡಿ ಸೆಂಟರ್ ಆಂಡ್ರ್ಯೂ ಬೋಗಟ್‌ರನ್ನು ಆರಂಭಿಕ ಐವರಿಂದ ಕೈಬಿಟ್ಟಿತು. ಡ್ರೇಮಂಡ್ ಗ್ರೀನ್ ಸೆಂಟರ್ ಆದರು. ಕ್ಲೀವ್‌ಲ್ಯಾಂಡ್‌ನ 7 ಅಡಿ 1 ಅಂಗುಲದ ಟಿಮೊಫೆ ಮೋಜ್‌ಗೋವ್ ಅಂದು 28 ಅಂಕ ಹೊಡೆದರು. ಇಷ್ಟನ್ನೇ ಕೇಳಿದರೆ ಪ್ರಯೋಗ ನೆಲಕಚ್ಚಿತು ಎನಿಸುತ್ತದೆ. ಗೋಲ್ಡನ್ ಸ್ಟೇಟ್ ಗೆದ್ದದ್ದು 103-82ರಿಂದ. ಮೋಜ್‌ಗೋವ್ ಒಂದು ತುದಿಯಲ್ಲಿ ಗಳಿಸಿದ್ದನ್ನು ಇನ್ನೊಂದು ತುದಿಯಲ್ಲಿ ಅವರ ತಂಡ ಕಳೆದುಕೊಳ್ಳುತ್ತಿತ್ತು. ಐವರೂ ಹೊರಗೆ ಚದುರಿ ಓಡಾಡುವ ತಂಡವನ್ನು ಬೆನ್ನಟ್ಟುವುದು ಆ ದೇಹಕ್ಕೆ ಸಾಧ್ಯವಿರಲಿಲ್ಲ. ಐದನೇ ಪಂದ್ಯದಲ್ಲಿ ಅವರನ್ನು ಆಡಿಸಿದ್ದು 9 ನಿಮಿಷ ಮಾತ್ರ. ಕುಳ್ಳ ಸೆಂಟರ್ ಎತ್ತರದವರನ್ನು ತಡೆಯದೆಯೇ ಅಂಗಳದಿಂದ ಹೊರಗೆ ಕಳಿಸಿದ್ದರು. ಸರಣಿ 4-2.

ಎರಡೂ ಕಡೆ ಎತ್ತರದ ಸೆಂಟರ್ ಅಂಕ ಗಳಿಸಿದರು, ಎರಡೂ ಕಡೆ ತಂಡ ಸೋತಿತು. "ಇವನು ಅವನನ್ನು ತಡೆಯಬಲ್ಲನೇ?" ಎಂದು ಇಬ್ಬರನ್ನೇ ಪಕ್ಕಪಕ್ಕ ನಿಲ್ಲಿಸಿ ಕೇಳುವುದೇ ತಪ್ಪು ಲೆಕ್ಕ. ಅವನ ಎರಡು ಅಂಕಗಳಿಗಾಗಿ ಅವನ ತಂಡ ಎಷ್ಟು ಹೊತ್ತು ಕಾಯಬೇಕಾಯಿತು, ಬೇರೆ ನಾಲ್ವರು ಎಷ್ಟು ಸುಮ್ಮನೆ ನಿಂತರು, ಮರುಕ್ಷಣ ಇನ್ನೊಂದು ತುದಿಯಲ್ಲಿ ಏನಾಯಿತು ಎಂಬುದೂ ಅದೇ ಲೆಕ್ಕಕ್ಕೆ ಸೇರಬೇಕು.

ಕೈಕೊಡುವ ಜಾಗ

ಹಾಗೆಂದು ಕುಳ್ಳ ಸೆಂಟರ್‌ನ ಈ ಪ್ರಯೋಗವನ್ನು ಯಾವ ಮಟ್ಟಕ್ಕಾದರೂ ಎಳೆಯಬಹುದು ಎಂದಲ್ಲ. 2020ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ ರಾಕೆಟ್ಸ್ ತನ್ನ ಎತ್ತರದ ಸೆಂಟರ್ ಕ್ಲಿಂಟ್ ಕಪೇಲಾರನ್ನು ಬೇರೆ ತಂಡಕ್ಕೆ ಕೊಟ್ಟು, 6 ಅಡಿ 5 ಅಂಗುಲದ ಪಿ.ಜೆ. ಟಕರ್‌ರನ್ನು ಆ ಜಾಗಕ್ಕೆ ನಿಲ್ಲಿಸಿತು. ಪ್ಲೇಆಫ್‌ನ ಮೊದಲ ಸುತ್ತು ದಾಟಿದ ತಂಡ ಎರಡನೇ ಸುತ್ತಿನಲ್ಲಿ ಲೇಕರ್ಸ್‌ಗೆ 4-1ರಿಂದ ಸೋತಿತು. ಲೇಕರ್ಸ್ ಕೂಡ ಆ ಸರಣಿಯ ನಡುವೆ ತನ್ನ ಭಾರಿ ಸೆಂಟರ್‌ಗಳನ್ನು ಬೆಂಚಿಗೆ ಕಳಿಸಿ, ಚುರುಕಾದ 6 ಅಡಿ 10 ಅಂಗುಲದ ಆಂಥನಿ ಡೇವಿಸ್‌ರನ್ನು ಮಧ್ಯಕ್ಕೆ ತಂದಿತು. ಎತ್ತರವೂ ಇದ್ದು ಓಟವೂ ಇರುವವನು ಎದುರಾದರೆ ಕುಳ್ಳನ ಬಳಿ ಬಾಣಗಳು ಬೇಗ ಖಾಲಿಯಾಗುತ್ತವೆ.

ದೇಹ ತೆರುವ ಬೆಲೆಯೂ ಇದೆ. ತನಗಿಂತ ಇಪ್ಪತ್ತು ಮೂವತ್ತು ಕೆ.ಜಿ. ಹೆಚ್ಚಿರುವವರನ್ನು ರಾತ್ರಿಯಿಡೀ ಸೊಂಟದಲ್ಲಿ ತಳ್ಳುವುದು ಬೆನ್ನು ಮತ್ತು ಮಂಡಿಯನ್ನು ತಿನ್ನುತ್ತದೆ. ಗೋಲ್ಡನ್ ಸ್ಟೇಟ್ ಕೂಡ ಆ ದಿನಗಳಲ್ಲಿ ಗ್ರೀನ್‌ರನ್ನು ಇಡೀ ಪಂದ್ಯ, ಇಡೀ ಋತು ಸೆಂಟರ್ ಆಗಿ ಆಡಿಸಲಿಲ್ಲ. ಫೌಲ್‌ಗಳ ಲೆಕ್ಕವೂ ಬೆನ್ನ ಹಿಂದೆಯೇ ಇರುತ್ತದೆ: ಎನ್‌ಬಿಎಯಲ್ಲಿ ಆರು, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐದು ಆದರೆ ಹೊರನಡೆಯಬೇಕು.

ಕಂಠೀರವದಲ್ಲಿ ಜಪಾನ್

ಎತ್ತರ ಕಡಿಮೆಯಿದ್ದೂ ಗೆಲ್ಲುವ ಪಾಠವನ್ನು ಬೆಂಗಳೂರು ಕಣ್ಣಾರೆ ನೋಡಿದೆ. ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಪ್ 2017 ಮತ್ತು 2019ರಲ್ಲಿ ನಡೆದದ್ದು ಇಲ್ಲಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. 2017ರಲ್ಲಿ ಭಾರತದ ವನಿತೆಯರು 'ಬಿ' ವಿಭಾಗ ಗೆದ್ದು ಮೇಲೇರಿದ ಸಂಭ್ರಮವೇ ಹೆಚ್ಚಾಗಿ ನಮ್ಮ ನೆನಪಿನಲ್ಲಿದೆ. 'ಎ' ವಿಭಾಗದ ಫೈನಲ್ ಅಷ್ಟೇ ನೆನಪಿಡಬೇಕಾದದ್ದು. ಎತ್ತರದಲ್ಲಿ ಹಿಂದಿದ್ದ ಜಪಾನ್ ಅಂದು ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿತು. ಎರಡು ವರ್ಷದ ನಂತರ ಅದೇ ಅಂಗಳದಲ್ಲಿ ಚೀನಾವನ್ನು 71-68ರಿಂದ.

ಜಪಾನ್ ಮಾಡಿದ್ದು ಇಷ್ಟು: ರಕ್ಷಣೆಯಲ್ಲಿ ಪಾಸ್ ಕೊಡುವವರ ಮೇಲೆಯೇ ಒತ್ತಡ ಹಾಕಿ, ಒಳಗಿರುವ ಎತ್ತರದ ಸೆಂಟರ್‌ಗೆ ಚೆಂಡು ತಲುಪುವುದನ್ನೇ ತಡ ಮಾಡುವುದು. ದಾಳಿಯಲ್ಲಿ ತನ್ನ ಸೆಂಟರ್ ಆಟಗಾರ್ತಿಯನ್ನೂ ಹೊರಗೆ ತಂದು, ಎದುರಾಳಿ ಸೆಂಟರ್ ರಿಂಗ್ ಬಿಟ್ಟು ಬರುವಂತೆ ಮಾಡುವುದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆರಡಿ ಆಸುಪಾಸಿನ ಮಾಕಿ ಟಕಾಡಾ ಸೆಂಟರ್ ಆಗಿದ್ದ ಈ ತಂಡ ಬೆಳ್ಳಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ 87-71ರಿಂದ ಸೋತಿತು.

ಫೈನಲ್‌ನಲ್ಲಿ ಮಾತ್ರ ಅಮೆರಿಕದ 6 ಅಡಿ 9 ಅಂಗುಲದ ಬ್ರಿಟ್ನಿ ಗ್ರೈನರ್ 30 ಅಂಕ ಹೊಡೆದರು, ಜಪಾನ್ 90-75ರಿಂದ ಶರಣಾಯಿತು. 2023ರಲ್ಲಿ ಸಿಡ್ನಿಯಲ್ಲಿ ಚೀನಾದ ಎತ್ತರದ ಸೆಂಟರ್ ಹಾನ್ ಷೂ ಮುಂದೆ ನಿಂತು ಆಡಿ, ಏಷ್ಯಾ ಕಪ್ ಅನ್ನು 73-71ರಿಂದ ಜಪಾನ್‌ನಿಂದ ಕಸಿದುಕೊಂಡರು. ಸತತ ಐದು ಪ್ರಶಸ್ತಿಗಳ ಓಟ ಅಲ್ಲಿಗೆ ನಿಂತಿತು. ಎತ್ತರ ಎಂದಾದರೊಂದು ದಿನ ತನ್ನ ಬಾಕಿ ವಸೂಲು ಮಾಡಿಯೇ ತೀರುತ್ತದೆ. ಆದರೆ ಹತ್ತು ವರ್ಷ ತಡವಾಗಿ, ಎರಡು ಅಂಕಗಳ ಅಂತರದಲ್ಲಿ ಎಂಬುದನ್ನು ಗಮನಿಸಬೇಕು.

ನಮ್ಮ ಆಯ್ಕೆ ಶಿಬಿರಗಳಲ್ಲಿ

ಎತ್ತರ ಒಂದೇ ಸಾಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಪಂಜಾಬಿನ ಸತ್ನಾಮ್ ಸಿಂಗ್ 7 ಅಡಿ 2 ಅಂಗುಲ. 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿದಾಗ, ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರನಿಗೆ ಆ ಗೌರವ ಸಿಕ್ಕಿತ್ತು. ಅದು ದೊಡ್ಡ ಸಾಧನೆ. ಆದರೂ ಎನ್‌ಬಿಎ ಲೀಗ್ ಪಂದ್ಯವೊಂದರಲ್ಲಿ ಅಂಗಳಕ್ಕಿಳಿಯುವ ಅವಕಾಶ ಅವರಿಗೆ ಒದಗಲಿಲ್ಲ. ಅವರು ಅಮೆರಿಕಕ್ಕೆ ಹೋದ ಕಾಲಕ್ಕೆ ಆಟ ಎತ್ತರದವರಿಂದ ಕಾಲಿನ ಚುರುಕನ್ನೂ ಕೇಳಲು ಶುರುಮಾಡಿತ್ತು.

ಶಾಲೆ, ತಾಲ್ಲೂಕು, ಜಿಲ್ಲೆಯ ಆಯ್ಕೆಗಳಲ್ಲಿ ಎತ್ತರದ ಮಗುವನ್ನು ನೇರ ರಿಂಗ್ ಕೆಳಗೆ ನಿಲ್ಲಿಸಿ, ಉಳಿದವರಿಗೆ "ನೀನು ಗಾರ್ಡ್ ಆಡು" ಎಂದು ಹೇಳಿ ಮುಗಿಸುವುದು ಸುಲಭ. ಹನ್ನೆರಡಕ್ಕೇ ಬೆಳೆದು ನಿಂತ ಮಗು ಹದಿನೈದಕ್ಕೆ ಬೆಳವಣಿಗೆ ನಿಲ್ಲಿಸಬಹುದು. ಅಷ್ಟರಲ್ಲಿ ಅದಕ್ಕೆ ಚೆಂಡು ಪುಟಿಸಲೂ ಕಲಿಸಿರುವುದಿಲ್ಲ. ಅದೇ ಹೊತ್ತಿಗೆ ಉದ್ದ ತೋಳಿನ, ಗಟ್ಟಿ ಕಾಲಿನ, ತಳ್ಳಾಟಕ್ಕೆ ಹೆದರದ ಇನ್ನೊಂದು ಮಗುವಿಗೆ ಸೆಂಟರ್ ಆಗುವ ಯೋಚನೆಯನ್ನೇ ಯಾರೂ ಕೊಟ್ಟಿರುವುದಿಲ್ಲ.

ಆದ್ದರಿಂದ ದೈಹಿಕ ಶಿಕ್ಷಕರಲ್ಲಿ, ತರಬೇತುದಾರರಲ್ಲಿ ಒಂದು ಕೋರಿಕೆ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ನೆತ್ತಿಯ ಗುರುತು ಹಾಕುವಾಗ, ಕೈ ಎತ್ತಿಸಿ ಬೆರಳ ತುದಿಯ ಗುರುತನ್ನೂ ಹಾಕಿ. ಆಮೇಲೆ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಯಾರು ಯಾರನ್ನು ಜರುಗಿಸುತ್ತಾರೆ ನೋಡಿ. ಸೆಂಟರ್ ಯಾರೆಂದು ಅದಾದ ಮೇಲೆ ತೀರ್ಮಾನಿಸಿ.